ಕಟುಕರೋಹಿಣಿ: ಕಹಿ ಬೇರಿನೊಳಗೆ ವೆನಿಲಾದ ನೆಂಟ

ನಿಮ್ಮೂರಿನ ಗ್ರಂಧಿಗೆ ಅಂಗಡಿಗೆ ಹೋಗಿ ಕಟುಕರೋಹಿಣಿ ಕೊಡಿ ಅಂತ ಕೇಳಿ ನೋಡಿ. ಒಣಗಿ ಮುರುಟಿದ, ಬೂದು-ಕಂದು ಬಣ್ಣದ ಬೇರಿನ ತುಂಡುಗಳನ್ನ ಪೇಪರ್‌ನಲ್ಲಿ ಕಟ್ಟಿ ಕೊಡ್ತಾರೆ. ಒಂದು ಚೂರು ನಾಲಿಗೆಗೆ ತಾಗಿದ್ರೆ ಸಾಕು, ಮೇಲೆ ಕಾಫಿ ಕುಡಿದ್ರೂ ಆ ಕಹಿ ಹೋಗಲ್ಲ. ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿರೋ ಈ ಬೇರು ಕರ್ನಾಟಕದಲ್ಲಿ ಬೆಳೆಯೋದೇ ಇಲ್ಲ. ಇದು ಪಶ್ಚಿಮ ಹಿಮಾಲಯದಲ್ಲಿ, ಸುಮಾರು 3000 ಮೀಟರ್‌ಗಿಂತ ಮೇಲೆ, ಮರಗಳೆಲ್ಲ ಮುಗಿದು ಬರೀ ಹುಲ್ಲು-ಬಂಡೆ ಶುರುವಾಗೋ ಜಾಗದ ಗಿಡ. ನಮ್ಮ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರ್ ಕೂಡ ಇಲ್ಲ.

ಅಂದ್ರೆ ಈ ಬೇರು ಇಲ್ಲಿಗೆ ವ್ಯಾಪಾರದಿಂದಲೇ ಬಂದದ್ದು. ಚರಕ ಸಂಹಿತೆಯಲ್ಲಿ ಕಟುರೋಹಿಣಿ ಅನ್ನೋ ಹೆಸರು ಬರುತ್ತೆ. ಯಾರೋ ಬೆಟ್ಟದ ಮೇಲೆ ಅಗೆದದ್ದನ್ನ ಇನ್ಯಾರೋ ಬಯಲಿಗೆ ಇಳಿಸಿ, ಮತ್ಯಾರೋ ದಕ್ಷಿಣಕ್ಕೆ ಸಾಗಿಸಿದ್ರು. ಅಗೆದವರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಹೆಸರು ಉಳಿದದ್ದು ಜಾನ್ ಫೋರ್ಬ್ಸ್ ರಾಯ್ಲ್ ಅವರದ್ದು. ಕಾನ್ಪುರದಲ್ಲಿ ಹುಟ್ಟಿದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. 1823ರಿಂದ ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕ. 1835ರಲ್ಲಿ ಜಾರ್ಜ್ ಬೆಂಥಮ್ ಈ ಗಿಡಕ್ಕೆ ಪಿಕ್ರೋರೈಜಾ ಕುರ್ರೋವಾ ಅಂತ ಹೆಸರು ಪ್ರಕಟಿಸಿದಾಗ ಜೊತೆಗೆ ರಾಯ್ಲ್ ಹೆಸರನ್ನೂ ಸೇರಿಸಿದ್ರು. ಗ್ರೀಕ್‌ನಲ್ಲಿ ಪಿಕ್ರೋಸ್ ಅಂದ್ರೆ ಕಹಿ, ರೈಜಾ ಅಂದ್ರೆ ಬೇರು. ಕುರ್ರೋವಾ ಬಂದದ್ದು ಪಂಜಾಬಿಯ 'ಕರು'ವಿನಿಂದ, ಅದೂ ಕಹಿ ಅಂತಾನೇ. ಕಹಿಬೇರು ಕಹಿ! ಸಂಸ್ಕೃತದವರೂ ಕಟು ಅಂದಿದ್ರು. ಈ ಒಂದು ವಿಷಯದಲ್ಲಿ ಎಲ್ಲರಿಗೂ ಒಮ್ಮತ.

ಈಗ ಕಥೆ ಜರ್ಮನಿ ಕಡೆ ತಿರುಗುತ್ತೆ. 1883ರಲ್ಲಿ ಓಸ್ವಾಲ್ಡ್ ಶ್ಮೀಡೆಬರ್ಗ್ ಅನ್ನೋ ಔಷಧ ವಿಜ್ಞಾನಿ ಉತ್ತರ ಅಮೆರಿಕದ ಬೇರೊಂದು ಗಿಡದ ಬೇರಿನಿಂದ ಅಪೋಸೈನಿನ್ ಅನ್ನೋ ವಸ್ತುವನ್ನ ಬೇರ್ಪಡಿಸಿದ್ರು. ಆ ಗಿಡವನ್ನ ಮೈ ಊದಿಕೊಂಡಾಗ, ಹೃದಯದ ತೊಂದರೆ ಇದ್ದಾಗ ಬಳಸ್ತಿದ್ರು. ಹತ್ತಿರತ್ತಿರ ತೊಂಬತ್ತು ವರ್ಷದ ಮೇಲೆ, 1971ರಲ್ಲಿ, ಅದೇ ಅಪೋಸೈನಿನ್ ಕಟುಕರೋಹಿಣಿಯಲ್ಲೂ ಸಿಕ್ತು. ಎರಡು ಖಂಡ, ಸಂಬಂಧವೇ ಇಲ್ಲದ ಎರಡು ಗಿಡ, ಒಂದೇ ಅಣು. ಅದೂ ಎಂಥದ್ದು ಅಂದ್ರೆ, ರಚನೆಯಲ್ಲಿ ವೆನಿಲಾ ಐಸ್‌ಕ್ರೀಮ್‌ನ ಘಮಕ್ಕೆ ಕಾರಣವಾದ ವೆನಿಲಿನ್‌ನ ಹತ್ತಿರದ ನೆಂಟ.

ನಾನು ಓದಿದ್ದು ಬಿ.ಕಾಂ., ಹಾಗಾಗಿ ಇದು ಅರ್ಥ ಆಗೋಕೆ ಎರಡು ವಾರ ಹಿಡೀತು. ಸೋಂಕು ತಗುಲಿದಾಗ ನಮ್ಮ ಬಿಳಿ ರಕ್ತಕಣಗಳು ಸೂಪರಾಕ್ಸೈಡ್ ಅನ್ನೋ ಖಾರದ ವಸ್ತುವನ್ನ ಉಗುಳುತ್ತವೆ. ಕ್ರಿಮಿ ಸಾಯುತ್ತೆ, ಆದ್ರೆ ಅದು ಅತಿಯಾದ್ರೆ ನಮ್ಮದೇ ಅಂಗಾಂಶ ಸುಡುತ್ತೆ. ಉರಿಯೂತದಿಂದ ಆಗೋ ಹಾನಿಯಲ್ಲಿ ಇದರದ್ದೂ ದೊಡ್ಡ ಪಾಲಿದೆ. ಈ ವಸ್ತು ತಯಾರಿಸೋ ಕಿಣ್ವದ ಬಿಡಿಭಾಗಗಳು ಒಂದಾಗಿ ಕೂತರೆ ಮಾತ್ರ ಅದು ಕೆಲಸ ಮಾಡುತ್ತೆ. ಅಪೋಸೈನಿನ್ ಅವು ಒಂದಾಗೋದನ್ನ ತಡೆಯುತ್ತೆ. ಇನ್ನೂ ಚೆಂದದ ಮಾತು: ಗಲಾಟೆಗೆ ಇಳಿದ ರಕ್ತಕಣದೊಳಗಿನ ಇನ್ನೊಂದು ಕಿಣ್ವವೇ ಇದನ್ನ ಚುರುಕುಗೊಳಿಸೋದು. 1990ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಬೇರಿನ ಸಾರವನ್ನ ಹಂತಹಂತವಾಗಿ ಸೋಸಿ, ಈ ಗುಣ ಅಪೋಸೈನಿನ್‌ನದ್ದು ಅಂತ ಗುರುತಿಸಿದ್ರು.

ಕಹಿಗೆ ಕಾರಣ ಬೇರೆ: ಪಿಕ್ರೋಸೈಡ್, ಕುಟ್ಕೋಸೈಡ್ ಅನ್ನೋ ವಸ್ತುಗಳು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಇವನ್ನ ಸೇರಿಸಿ ಪಿಕ್ರೊಲಿವ್ ಅಂತ ಸಿದ್ಧಪಡಿಸಿತು. ಇಲಿಗಳ ಯಕೃತ್ತನ್ನ ವಿಷದಿಂದ ಕಾಪಾಡೋದರಲ್ಲಿ ಅದು ಒಳ್ಳೇ ಫಲಿತಾಂಶ ಕೊಟ್ಟಿತು. ಇಲಿ ಅಂದೆ, ಮನುಷ್ಯ ಅನ್ನಲಿಲ್ಲ. ನಾಳೆ ಬೆಳಿಗ್ಗೆಯೇ ಕಷಾಯ ಕಾಯಿಸೋಕೆ ಕೂರಬೇಡಿ.

ಈಗ ನನ್ನ ಸಬ್ಜೆಕ್ಟ್‌ಗೆ ಬರೋಣ, ಡಿಮ್ಯಾಂಡ್ ಮತ್ತು ಸಪ್ಲೈ. ಬೇರು ಬೇಕು ಅಂದ್ರೆ ಗಿಡವನ್ನೇ ಕೀಳಬೇಕು. ಅಷ್ಟು ಎತ್ತರದ ಚಳಿಯಲ್ಲಿ ಇನ್ನೊಂದು ಗಿಡ ಬೆಳೆಯೋಕೆ ವರ್ಷಗಳು ಬೇಕು, ಮಾರುಕಟ್ಟೆ ಅಷ್ಟು ದಿನ ಕಾಯಲ್ಲ. 1997ರಲ್ಲಿ ಇದು ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು. ಅಂದ್ರೆ ದೇಶದ ಗಡಿ ದಾಟಿಸೋಕೆ ಪರವಾನಗಿ ಬೇಕು. ದೇಶದೊಳಗಿನ ಮಾರಾಟಕ್ಕೆ ಆ ಪಟ್ಟಿ ಅಡ್ಡ ಬರಲ್ಲ. ಉತ್ತರಾಖಂಡದ ಚಮೋಲಿ ಜಿಲ್ಲೆಯ ಘೇಸ್‌ನಂಥ ಊರುಗಳಲ್ಲಿ ಈಗ ರೈತರು ಹೊಲದಲ್ಲೇ ಇದನ್ನ ಬೆಳೀತಾರೆ, ಅಲ್ಲಿ ಇದರ ಹೆಸರು ಕುಟ್ಕಿ. ಕಾಡಿನದ್ದು ಯಾವುದು, ಹೊಲದ್ದು ಯಾವುದು ಅಂತ ನಮ್ಮ ಅಂಗಡಿಯ ಪೊಟ್ಟಣ ನೋಡಿ ಹೇಳೋಕಾಗಲ್ಲ.

ಒಂದು ವಿಷಯ ಮಾತ್ರ ನನಗೆ ತುಂಬಾ ಹಿಡಿಸಿತು. ಪಿಕ್ರೋಸೈಡ್ ಎಲೆಯಲ್ಲೂ ಇದೆ. ಎಲೆ ಕೊಯ್ದರೆ ಗಿಡ ಸಾಯಬೇಕಿಲ್ಲ. ಆದ್ರೆ ಎರಡು ಸಾವಿರ ವರ್ಷದಿಂದ ಎಲ್ಲರೂ ಕೇಳ್ತಾ ಬಂದದ್ದು ಬೇರನ್ನೇ.