ಕ್ರೈಸ್ತ ವಿದ್ಯಾಶಾಲೆಗಳ ಉಪಾಧ್ಯಾಯರೂ ವೇತನದ ಹಕ್ಕೂ

ಗಡಿನಾಡಿನ ವಿದ್ಯಾಶಾಲೆಗಳ ಚರಿತ್ರೆಯನ್ನು ನೆನೆಯುವಾಗ ನಾವು ಕಟ್ಟಡ ಕಟ್ಟಿಸಿದ ದಾನಿಗಳನ್ನೂ ಸ್ಥಾಪಕರನ್ನೂ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆ ಕಟ್ಟಡಗಳಲ್ಲಿ ಪಾಠ ಹೇಳಿದ ಉಪಾಧ್ಯಾಯರು ಏನನ್ನುಂಡು ಬದುಕಿದರೆಂದು ವಿಚಾರಿಸುವುದು ವಿರಳ. ೧೯೫೬ನೆಯ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತಷ್ಟೆ. ಮರುವರ್ಷವೇ ಈ ಪ್ರಶ್ನೆಯು ಆ ರಾಜ್ಯವನ್ನು ಅಲ್ಲಾಡಿಸಿತು. ವಿವಾದದ ನಡುವೆ ನಿಂತವು ಕಥೋಲಿಕ ಸಭೆಯ ಶಾಲೆಗಳು.

ತಿರುವಾಂಕೂರು-ಕೊಚ್ಚಿ ಸೀಮೆಯಲ್ಲಿ ಅಕ್ಷರವಿದ್ಯೆಯನ್ನು ಹರಡಿದವುಗಳಲ್ಲಿ ಈ ಶಾಲೆಗಳ ಪಾತ್ರ ಹಿರಿದೆಂಬುದು ನಿರ್ವಿವಾದ. ಆದರೆ ಖಾಸಗಿ ಶಾಲೆಗಳ ಉಪಾಧ್ಯಾಯರ ನೇಮಕವೂ ವೇತನವೂ ಆಡಳಿತದವರ ಕೈಯಲ್ಲಿದ್ದವು. ಪೂರ್ಣ ವೇತನಕ್ಕೆ ಸಹಿ ಹಾಕಿ ಕಡಿಮೆ ಹಣ ಪಡೆಯಬೇಕಾಗುತ್ತದೆಂಬುದು ಉಪಾಧ್ಯಾಯ ಸಂಘಗಳ ಹಳೆಯ ದೂರು. ಪನಂಪಿಳ್ಳಿ ಗೋವಿಂದ ಮೇನೋನರು ಐವತ್ತರ ದಶಕದ ಆದಿಯಲ್ಲಿಯೇ ಇದಕ್ಕೆ ಪರಿಹಾರ ಹುಡುಕಿದ್ದರು. ೧೯೫೭ರ ಜುಲೈಯಲ್ಲಿ ಶಿಕ್ಷಣಮಂತ್ರಿ ಜೋಸೆಫ್ ಮುಂಡಶ್ಶೇರಿಯವರು ಮಸೂದೆಯನ್ನು ಮಂಡಿಸಿದರು. ಅವರು ತಾವೇ ಕಥೋಲಿಕರು. ತ್ರಿಶೂರಿನ ಸೈಂಟ್ ಥಾಮಸ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು.

ಅನುದಾನಿತ ಶಾಲೆಯ ಶುಲ್ಕವು ಸರ್ಕಾರಕ್ಕೆ ಸಲ್ಲಬೇಕು. ವೇತನವನ್ನು ಸರ್ಕಾರವು ನೇರವಾಗಿ ಇಲ್ಲವೆ ಮುಖ್ಯೋಪಾಧ್ಯಾಯರ ಮೂಲಕ ಕೊಡಬೇಕು. ನೇಮಕವು ಲೋಕಸೇವಾ ಆಯೋಗದ ಪಟ್ಟಿಯಿಂದ ಆಗಬೇಕು. ಅಗತ್ಯವಾದರೆ ಸರ್ಕಾರವು ಶಾಲೆಯನ್ನೇ ವಶಪಡಿಸಿಕೊಳ್ಳಬಹುದು: ಇವು ಮಸೂದೆಯ ಮುಖ್ಯಾಂಶಗಳು. ಕೊನೆಯ ಎರಡರಲ್ಲಿ ಸಭೆಯು ತನ್ನ ಸ್ವಾತಂತ್ರ್ಯಕ್ಕೆ ಅಪಾಯವನ್ನು ಕಂಡಿತು. ಆ ಭಯವು ನಿರಾಧಾರವಲ್ಲವೆಂದು ಒಪ್ಪುವುದು ನ್ಯಾಯ. ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿದರು. ೧೯೫೮ರ ಮೇ ೨೨ರಂದು ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸರ ಪೀಠವು, ವಶಪಡಿಸಿಕೊಳ್ಳುವ ಅಧಿಕಾರವು ಅಲ್ಪಸಂಖ್ಯಾತರ ಶಾಲೆಗಳ ಮಟ್ಟಿಗೆ ಸಲ್ಲದೆಂದೂ, ಉಪಾಧ್ಯಾಯರ ರಕ್ಷಣೆಯ ನಿಯಮಗಳು ಸಲ್ಲಬಹುದೆಂದೂ ಹೇಳಿತು.

ತಿದ್ದಿದ ಶಾಸನವು ೧೯೫೯ರ ಜೂನ್ ೧ರಂದು ಜಾರಿಗೆ ಬಂದಿತು. ಹೊರಗೆ ವಿಮೋಚನ ಸಮರ ನಡೆದಿತ್ತು. ಜುಲೈ ೩೧ರಂದು ಮಂತ್ರಿಮಂಡಲವೇ ವಜಾ ಆಯಿತು. ಮುಂದಿನ ಸರ್ಕಾರವು ೧೯೬೦ರಲ್ಲಿ ಆಯೋಗದ ಮೂಲಕ ನೇಮಿಸುವ ವಿಧಿಯನ್ನು ತೆಗೆದುಹಾಕಿತು. ಆದರೆ ವೇತನದ ಒಂಬತ್ತನೆಯ ವಿಧಿ ಉಳಿಯಿತು. ಮಂತ್ರಿಮಂಡಲವು ಉರುಳಿದರೂ ಉಪಾಧ್ಯಾಯನ ಸಂಬಳ ಉರುಳಲಿಲ್ಲ. ಕಾಸರಗೋಡಿನ ಅನುದಾನಿತ ಕನ್ನಡ ಶಾಲೆಗಳ ಉಪಾಧ್ಯಾಯರೂ ಇದೇ ವಿಧಿಯಡಿ ವೇತನ ಪಡೆಯುತ್ತ ಬಂದಿದ್ದಾರೆ.

ಕಾರ್ಖಾನೆಯ ಕಾರ್ಮಿಕರಂತೆ ಉಪಾಧ್ಯಾಯರೇಕೆ ಕೈಗಾರಿಕಾ ನ್ಯಾಯಮಂಡಲಿಗೆ ಹೋಗಲಿಲ್ಲವೆಂದು ಕೇಳುವವರಿಗೆ ಗೋವೆಯ ಒಂದು ಪ್ರಕರಣವೇ ಉತ್ತರ. ಅಲ್ಲಿ ಸಂನ್ಯಾಸಿನಿಯರ ಶಾಲೆಯೊಂದರಲ್ಲಿ ಕೆಲಸ ಕಳೆದುಕೊಂಡ ಉಪಾಧ್ಯಾಯಿನಿಯೊಬ್ಬರ ಮೊಕದ್ದಮೆಯಲ್ಲಿ, ಶಾಲೆಯು ಉದ್ಯಮವೇ ಆದರೂ ಉಪಾಧ್ಯಾಯರು ಕಾರ್ಮಿಕರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೧೯೮೮ರಲ್ಲಿ ತೀರ್ಪಿತ್ತಿತು. ಆದುದರಿಂದ ಸಂಘಗಳ ಮಾತುಕತೆಗೆ ಶಾಸನಸಭೆಯ ಬಾಗಿಲೇ ಮುಖ್ಯವಾಯಿತು. ಕೇರಳದ ಖಾಸಗಿ ಕಾಲೇಜುಗಳ ಅಧ್ಯಾಪಕರು ನೇರ ವೇತನವನ್ನು ೧೯೭೨ರಲ್ಲಿ ಚಳುವಳಿಯಿಂದ ಪಡೆದಿದ್ದರು. ಶಾಲೋಪಾಧ್ಯಾಯರ ಗ್ರಾಚ್ಯುಟಿಯ ಹಕ್ಕನ್ನು ೨೦೦೯ರ ತಿದ್ದುಪಡಿ ಸ್ಪಷ್ಟಪಡಿಸಿತು. ೨೦೨೨ರಲ್ಲಿ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು.

ಇದು ಪರರ ಮನೆಯ ಕಥೆಯೆಂದು ಗಡಿನಾಡ ಕನ್ನಡಿಗರಾದ ನಾವು ಭಾವಿಸಲಾಗದು. ಸಂವಿಧಾನದ ಮೂವತ್ತನೆಯ ಅನುಚ್ಛೇದವು ಧರ್ಮದ ಅಲ್ಪಸಂಖ್ಯಾತರಿಗೆ ಕೊಟ್ಟ ಹಕ್ಕನ್ನೇ ಭಾಷೆಯ ಅಲ್ಪಸಂಖ್ಯಾತರಿಗೂ ಕೊಟ್ಟಿದೆ. ಕಥೋಲಿಕ ಶಾಲೆಗಳ ವಿಷಯದಲ್ಲಿ ನಿರ್ಣಯವಾದ ಮರ್ಯಾದೆಯೇ ನಮ್ಮ ಕನ್ನಡ ಶಾಲೆಗಳ ಆಡಳಿತಕ್ಕೂ ಮರ್ಯಾದೆ. ನಮ್ಮ ಹಕ್ಕನ್ನು ರಾಜ್ಯದ ಮುಂದೆ ಬೇಡುವ ನಾವು, ನಮ್ಮ ಉಪಾಧ್ಯಾಯರು ತಮ್ಮ ಹಕ್ಕನ್ನು ಕೇಳಲು ಬಂದ ದಿನ ಅವರಿಗೆ ಆಸನ ಕೊಟ್ಟು ಮಾತನ್ನು ಕೇಳಬೇಕು. ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ಸಂಘದ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ.