ಗಜ್ಜಲಹಟ್ಟಿ ಘಟ್ಟ ಮತ್ತು ಕಂಪನಿಯ ಸ್ನೇಹಿತರು

ಸತ್ಯಮಂಗಲದಿಂದ ಚಾಮರಾಜನಗರಕ್ಕೆ ಹೋಗುವ ಹೆದ್ದಾರಿ ಬಣ್ಣಾರಿ ದಾಟಿದ ಮೇಲೆ ಇಪ್ಪತ್ತೇಳು ತಿರುವು ಹಾಕಿ ದಿಂಬಂ ತಲುಪುತ್ತದೆ. ಈ ದಾರಿ ಇಂಗ್ಲಿಷರ ಕಾಲದಲ್ಲಿ ಪ್ರಧಾನವಾದದ್ದು. ಹೈದರ್ ಮತ್ತು ಟಿಪ್ಪುವಿನ ಸೈನ್ಯಗಳು ಇಳಿಯುತ್ತಿದ್ದುದು ಇಲ್ಲಿಂದ ಪಶ್ಚಿಮಕ್ಕೆ, ಮೋಯಾರ್ ಕಣಿವೆಯ ಗಜ್ಜಲಹಟ್ಟಿ ಘಟ್ಟದಲ್ಲಿ. ಆ ಘಟ್ಟದ ಕೆಳಗೆ ಕಾವಲಿದ್ದ ದಣಾಯಕನಕೋಟೆ ಈಗ ಭವಾನಿಸಾಗರದ ನೀರಿನಡಿ ಇದೆ. ಮೈಸೂರಿನ ಸೀಮೆಗೂ ಕೊಯಮತ್ತೂರಿನ ಬಯಲಿಗೂ ನಡುವಿನ ಈ ಬಾಗಿಲಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಯ ಮೂವತ್ತು ವರ್ಷ ನಡೆದ ಜಗಳಕ್ಕೆ ಮೇಲುನೋಟದ ಕಾರಣ ಮೈಸೂರು. ಒಳಗಿನ ಪ್ರಶ್ನೆ ಬೇರೆ: ಈಸ್ಟ್ ಇಂಡಿಯಾ ಕಂಪನಿಯನ್ನು ನಂಬಬಹುದೇ? ಶ್ರೀರಂಗಪಟ್ಟಣ, ಪುಣೆ, ಹೈದರಾಬಾದು, ತಿರುವಾಂಕೂರು, ಮಡಿಕೇರಿ, ಒಂದೊಂದು ಒಂದೊಂದು ಉತ್ತರ ಕೊಟ್ಟವು. ನಮ್ಮ ಪಠ್ಯಪುಸ್ತಕಗಳು ಈ ಭಿನ್ನಾಭಿಪ್ರಾಯಕ್ಕೆ ಒಡಕು ಎಂದೋ ದ್ರೋಹ ಎಂದೋ ಹೆಸರಿಟ್ಟು ಮುಂದೆ ಹೋಗುತ್ತವೆ. ನನಗೆ ಅದು ಅವಸರದ ತೀರ್ಪಾಗಿ ಕಾಣುತ್ತದೆ. ಕಂಪನಿ ಒಬ್ಬೊಬ್ಬ ನೆರೆಯವನಿಗೆ ಒಂದೊಂದು ಮುಖ ತೋರಿಸಿತ್ತು; ಪ್ರತಿಯೊಬ್ಬನೂ ತಾನು ಕಂಡದ್ದನ್ನೇ ಹೇಳಿದ.

ಮೈಸೂರು ಕಂಡದ್ದು ಮಾತಿಗೆ ತಪ್ಪಿದ ಮುಖ. 1768ರಲ್ಲಿ ಕಂಪನಿಯ ಕರ್ನಲ್ ವುಡ್ ಕೊಯಮತ್ತೂರಿನ ಬಯಲನ್ನೂ ಗಜ್ಜಲಹಟ್ಟಿಯನ್ನೂ ಹಿಡಿದುಕೊಂಡಿದ್ದ. ವರ್ಷ ಮುಗಿಯುವುದರೊಳಗೆ ಮೈಸೂರಿನವರು ಘಟ್ಟ ಇಳಿದು ಬಂದು ಒಂದೊಂದೇ ಠಾಣೆಯನ್ನು ಬಿಡಿಸಿಕೊಂಡರು. 1769ರ ಏಪ್ರಿಲ್‌ನಲ್ಲಿ ಹೈದರ್ ಮದರಾಸಿನ ಬಾಗಿಲಿಗೇ ಹೋಗಿ ನಿಂತು ಒಪ್ಪಂದ ಬರೆಸಿಕೊಂಡ. ಒಬ್ಬರ ಮೇಲೆ ಮೂರನೆಯವರು ಬಿದ್ದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂಬುದು ಅದರ ಜೀವಾಳ. ಮರುವರ್ಷವೇ ಪೇಶ್ವೆ ಮಾಧವರಾವ್ ಮೈಸೂರಿನ ಮೇಲೆ ಬಂದ. 1771ರಲ್ಲಿ ಮೇಲುಕೋಟೆಯ ಬಳಿಯ ಚಿನಕುರಳಿಯಲ್ಲಿ ಹೈದರನ ಸೈನ್ಯ ನುಚ್ಚುನೂರಾಯಿತು. ಮದರಾಸಿನಿಂದ ಯಾರೂ ಬರಲಿಲ್ಲ. ಕಂಪನಿಯ ಬಗ್ಗೆ ಮೈಸೂರಿಗೆ ಮುಂದೆ ಇದ್ದ ಹಗೆಗೆ ಮತದ್ವೇಷವೋ ಪರಕೀಯರ ಮೇಲಿನ ಸಿಟ್ಟೋ ಕಾರಣ ಎನ್ನುವವರು ಈ ಒಂದು ವರ್ಷವನ್ನು ಮರೆಯುತ್ತಾರೆ. ಗೆದ್ದು ಬರೆಸಿಕೊಂಡ ಕಾಗದವೂ ಕೆಲಸಕ್ಕೆ ಬಾರದು ಎಂಬ ಪಾಠ ಅದು.

ಪುಣೆಯಿಂದ ನೋಡಿದವರಿಗಾದರೋ ಮೈಸೂರೇ ಕಾಟದ ನೆರೆ. ಟಿಪ್ಪು 1785ರಲ್ಲಿ ನರಗುಂದ, ಕಿತ್ತೂರುಗಳನ್ನು ಹಿಡಿದ. ಮರುವರ್ಷ ನಿಜಾಮನ ಆದೋನಿಗೆ ಮುತ್ತಿಗೆ ಹಾಕಿದ. 1787ರ ಗಜೇಂದ್ರಗಡ ಒಪ್ಪಂದ ಆ ಗಾಯಕ್ಕೆ ಪಟ್ಟಿ ಕಟ್ಟಿತೇ ಹೊರತು ಮಾಯಿಸಲಿಲ್ಲ. ನಿಜಾಮನ ಸ್ಥಿತಿ ಇನ್ನೂ ವಿಚಿತ್ರ. ಕಂಪನಿ ಅವನಿಂದ 1788ರಲ್ಲಿ ಗುಂಟೂರನ್ನು ಬಿಡಿಸಿಕೊಂಡಿತ್ತು. ಆದರೂ ಅವನಿಗೆ ಬೇಕಾಗಿದ್ದದ್ದು ಕಂಪನಿಯ ಸಿಪಾಯಿಗಳೇ. ಹೊಸ ಮೈತ್ರಿ ಮಾಡಿಕೊಂಡು ಯುದ್ಧಕ್ಕೆ ಹೋಗುವುದಕ್ಕೆ 1784ರ ಪಿಟ್ ಕಾಯಿದೆ ಅಡ್ಡ ಬರುತ್ತಿತ್ತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ 1789ರ ಜುಲೈನಲ್ಲಿ ಒಂದು ಪತ್ರ ಬರೆದು ದಾರಿ ಮಾಡಿಕೊಂಡ. ಕಂಪನಿಯ ಪಡೆಯನ್ನು ನಿಜಾಮ ಯಾರ ಮೇಲೆ ಬಳಸಬಾರದು ಎಂದು ಹೆಸರು ಹೆಸರಾಗಿ ಹೇಳಿದ ಪಟ್ಟಿ ಅದರಲ್ಲಿತ್ತು, ಆ ಪಟ್ಟಿಯಲ್ಲಿ ಟಿಪ್ಪುವಿನ ಹೆಸರಿರಲಿಲ್ಲ. ಒಂದೇ ಪತ್ರವನ್ನು ಹೈದರಾಬಾದು ಅಭಯವೆಂದು ಓದಿಕೊಂಡಿತು, ಶ್ರೀರಂಗಪಟ್ಟಣ ಯುದ್ಧದ ಸೂಚನೆಯೆಂದು ಓದಿಕೊಂಡಿತು. ಇಬ್ಬರ ಓದೂ ಸರಿ. ಬಿಟ್ಟುಹೋದ ಹೆಸರಿನಿಂದ ಇಷ್ಟು ಕೆಲಸ ಮಾಡಿಸಿದ ರಾಜತಂತ್ರ ನಮ್ಮ ಕಡೆ ಇನ್ನೊಂದು ಸಿಗಲಿಕ್ಕಿಲ್ಲ.

ಆ ವರ್ಷದ ಡಿಸೆಂಬರ್ 29ರಂದು ಟಿಪ್ಪು ಕಂಪನಿಯ ಮಿತ್ರರಾಜ್ಯವಾದ ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದ. 1790ರ ಜೂನ್‌ನಲ್ಲಿ ಪುಣೆಯೊಡನೆ, ಜುಲೈನಲ್ಲಿ ಹೈದರಾಬಾದಿನೊಡನೆ ಕಂಪನಿಯ ಒಪ್ಪಂದಗಳಾದವು. ಜನರಲ್ ಮೆಡೋಸ್ ಕೊಯಮತ್ತೂರನ್ನು ಹಿಡಿದು, ಗಜ್ಜಲಹಟ್ಟಿ ಹತ್ತಿ ಮೈಸೂರಿಗೆ ಹೋಗುವ ಲೆಕ್ಕದಲ್ಲಿ ಕರ್ನಲ್ ಫ್ಲಾಯ್ಡ್‌ನನ್ನು ಸತ್ಯಮಂಗಲಕ್ಕೆ ಮುಂದೆ ಕಳಿಸಿದ್ದ. ಸುಲ್ತಾನ ಇಳಿದು ಬರುತ್ತಿದ್ದಾನೆ ಎಂಬ ಸುದ್ದಿಯನ್ನು ಫ್ಲಾಯ್ಡ್ ತಲುಪಿಸಿದ. ಮೆಡೋಸ್ ಅದಕ್ಕೆ ಬೆಲೆ ಕೊಡಲಿಲ್ಲ. ಸೆಪ್ಟೆಂಬರ್ ಎರಡನೆಯ ವಾರ ಮೈಸೂರು ಸೈನ್ಯ ಘಟ್ಟ ಇಳಿದು ಭವಾನಿ ದಾಟಿತು. 13ರಂದು ದಿನವಿಡೀ ಕುದುರೆ ಕಾಳಗ, ಫಿರಂಗಿ ಹೊಡೆತ. ಮಾರನೆಯ ಬೆಳಗ್ಗೆ ಫ್ಲಾಯ್ಡ್ ಕೆಲವು ಫಿರಂಗಿಗಳನ್ನೂ ದವಸಧಾನ್ಯವನ್ನೂ ಬಿಟ್ಟು ಹಿಂದೆ ಸರಿದ. ಕಂಪನಿಯ ಸ್ನೇಹಿತರು ಆಗ ಎಲ್ಲಿದ್ದರು? ಮರಾಠರು ಧಾರವಾಡದ ಕೋಟೆಯ ಮುಂದೆ ಕೂತರು, ನಿಜಾಮನ ಪಡೆ ಕೊಪ್ಪಳದ ಮುಂದೆ. ಎರಡೂ ಕೈಗೆ ಬಂದದ್ದು 1791ರ ಏಪ್ರಿಲ್‌ನಲ್ಲಿ. ತಮ್ಮದೆಂದು ಹೇಳಿಕೊಳ್ಳುತ್ತಿದ್ದ ಸೀಮೆಯನ್ನು ಬಿಡಿಸಿಕೊಳ್ಳಲು ಅವರು ಯುದ್ಧಕ್ಕೆ ಬಂದಿದ್ದರು, ಕಂಪನಿಯನ್ನು ದೊಡ್ಡದು ಮಾಡಲು ಬಂದಿರಲಿಲ್ಲ. ಆ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಎತ್ತುಗಳೂ ಅಕ್ಕಿಯೂ ತೀರಿ, ಕಾರ್ನ್‌ವಾಲಿಸ್ ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆಸಿ ಹಿಂತಿರುಗುವಾಗ ಮರಾಠ ಸೈನ್ಯ ಎದುರಾಯಿತು. ಆ ದಂಡಿನ ಬಜಾರಿನಲ್ಲಿ ಎಲ್ಲವೂ ಇತ್ತು, ದುಬಾರಿ ಬೆಲೆಗೆ.

ಇವರೆಲ್ಲ ಒಟ್ಟಾಗಿದ್ದರೆ ಕಂಪನಿ ನಿಲ್ಲುತ್ತಿರಲಿಲ್ಲ, ಆದ್ದರಿಂದ ಒಟ್ಟಾಗದೆ ಹೋದದ್ದು ಕುರುಡುತನ ಎಂಬ ಆಕ್ಷೇಪ ಹಳೆಯದು. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಮರಾಠ ಸರದಾರ ಮಹಾದಜಿ ಶಿಂಧೆಯಂಥವನಿಗೆ ಪುಣೆಯ ಈ ಮೈತ್ರಿ ಆಗಲೇ ರುಚಿಸಿರಲಿಲ್ಲ. ಮುಂದಾಗುವುದನ್ನು ಯಾರೂ ಊಹಿಸಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಆದರೆ ಒಟ್ಟಾಗಬೇಕು ಎನ್ನುವ ಮಾತು 1857ರ ಆಚೆ ಕುಳಿತವರ ಮಾತು. 1790ರಲ್ಲಿ ಕಂಪನಿ ನಾಲ್ಕೈದು ಬಲಾಢ್ಯರಲ್ಲಿ ಒಂದು, ಮದರಾಸಿನ ಬಾಗಿಲಲ್ಲಿ ಒಮ್ಮೆ ಮಂಡಿಯೂರಿದ್ದು. ಅದು ಮುಂದೆ ಏನಾಗುತ್ತದೆ ಎಂಬ ಊಹೆಯನ್ನು ನಿನ್ನೆ ಮೊನ್ನೆ ಆದೋನಿಯ ಕೋಟೆಗೆ ಬಿದ್ದ ಗುಂಡಿಗಿಂತ ದೊಡ್ಡದೆಂದು ನಿಜಾಮ ಎಣಿಸಬೇಕಿತ್ತು ಎನ್ನುವುದು ಅತಿಯಾಯಿತು. ಕೊಡಗಿನ ದೊಡ್ಡವೀರರಾಜೇಂದ್ರನನ್ನೇ ನೋಡಿ. ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದವನು ಅವನು. ಎರಡೇ ವರ್ಷದಲ್ಲಿ ಕಂಪನಿಯೊಡನೆ ಒಪ್ಪಂದಕ್ಕೆ ರುಜು ಹಾಕಿದ. ಅವನ ಮುಂದೆ ನಿಂತು ಮೈಸೂರಿನ ಪರವಾಗಿ ಐಕ್ಯದ ಉಪದೇಶ ಮಾಡುವ ಧೈರ್ಯ ಯಾರಿಗಿರುತ್ತಿತ್ತು?

ಇದೆಲ್ಲ ದರ್ಬಾರಿನವರ ಭಿನ್ನಾಭಿಪ್ರಾಯ, ಸಾಮಾನ್ಯರಿಗೂ ಇದಕ್ಕೂ ಏನು ಸಂಬಂಧ ಎಂದು ಇನ್ನೊಬ್ಬರು ಕೇಳಬಹುದು. ರೈತನ ಅಭಿಪ್ರಾಯವನ್ನು ಯಾರೂ ಬರೆದಿಡಲಿಲ್ಲ, ನಿಜ. ಅವನು ಏನನ್ನು ಕಂಡ ಎಂಬುದಕ್ಕೆ ತಾರೀಖುಗಳಿವೆ. ಘಟ್ಟದ ಕೆಳಗಿನ ಕೊಯಮತ್ತೂರು 1790ರ ಜುಲೈನಲ್ಲಿ ಕಂಪನಿಗೆ ಹೋಯಿತು, 1791ರ ನವೆಂಬರ್‌ನಲ್ಲಿ ಮತ್ತೆ ಮೈಸೂರಿಗೆ ಬಂತು. 1792ರಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗೆ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟಾಗಲೂ ಈ ಸೀಮೆ ಅವನ ಕೈಯಲ್ಲೇ ಉಳಿಯಿತು. 1799ರಲ್ಲಿ ಮತ್ತೆ ಕಂಪನಿ. ಇಂಥ ಬಯಲಿನಲ್ಲಿ ಉಳುವವನು ಯಾವ ಧ್ವಜದ ನೀತಿ ಒಳ್ಳೆಯದು ಎಂದು ವಾದಿಸುತ್ತ ಕೂರಲಾರ. ಈ ಬೆಳೆ ಯಾರ ದಂಡಿಗೆ ಹೋಗುತ್ತದೆ ಎಂದು ನೋಡುತ್ತಾನೆ. ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ದಂಡುಗಳ ಬೆನ್ನ ಹಿಂದೆ ತಿರುಗುತ್ತಿದ್ದ ಬಂಜಾರರ ನಿಲುವು ಇನ್ನೂ ನೇರ. ಮೊದಲ ಸಲ ಅಕ್ಕಿಯಿಲ್ಲದೆ ಸೋತ ಕಾರ್ನ್‌ವಾಲಿಸ್ ಎರಡನೆಯ ಸಲ ಶ್ರೀರಂಗಪಟ್ಟಣ ತಲುಪಿದ್ದು ಅವರನ್ನು ಹಣ ಕೊಟ್ಟು ಒಲಿಸಿಕೊಂಡ ಮೇಲೆ.

ಭಿನ್ನಾಭಿಪ್ರಾಯದ ಸತ್ವವನ್ನು ಪರೀಕ್ಷಿಸಿದ್ದು ಯುದ್ಧಕ್ಕಿಂತ ಮುಂದಿನ ಶಾಂತಿ. 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನು ಸೋಲಿಸುವಾಗ ಕಂಪನಿಯ ಗವರ್ನರ್ ಜನರಲ್ ಜಾನ್ ಶೋರ್ ತಟಸ್ಥನಾಗಿ ಕುಳಿತ; ಹೈದರಾಬಾದಿಗೆ ಹೈದರನ ಅನುಭವವೇ ಆಯಿತು. ಹೈದರ್ ಅದರಿಂದ ಕಂಪನಿಯ ವೈರಿಯಾದರೆ, ನಿಜಾಮ 1798ರಲ್ಲಿ ಸಹಾಯಕ ಸೈನ್ಯ ಪದ್ಧತಿಗೆ ತಲೆ ಕೊಟ್ಟ. ಪೆಟ್ಟು ಒಂದೇ, ಕಲಿತ ಪಾಠ ಎರಡು. 1799ರ ಯುದ್ಧಕ್ಕೆ ಪುಣೆ ಬರಲಿಲ್ಲ. ಗೆದ್ದ ಮೇಲೆ ಸೋಂದೆ, ಹರಪನಹಳ್ಳಿ ಕೊಡುತ್ತೇವೆ ಎಂದರೂ ಅದರ ಜೊತೆಗಿದ್ದ ಷರತ್ತುಗಳನ್ನು ಪೇಶ್ವೆ ಒಪ್ಪಲಿಲ್ಲ. ಆ ಪಾಲನ್ನು ಉಳಿದಿಬ್ಬರು ಹಂಚಿಕೊಂಡರು. ನಿಜಾಮ ಎರಡು ಯುದ್ಧಗಳಲ್ಲಿ ಪಡೆದ ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನು 1800ರಲ್ಲಿ ಅದೇ ಸಹಾಯಕ ಸೈನ್ಯದ ಖರ್ಚಿಗೆಂದು ಕಂಪನಿಗೆ ಬಿಟ್ಟುಕೊಟ್ಟ. ಕಂಪನಿಯನ್ನು ರಕ್ಷಕನೆಂದು ಕರೆದಿದ್ದ ತಿರುವಾಂಕೂರಿನಲ್ಲಿ 1809ರ ಹೊತ್ತಿಗೆ ದಳವಾಯಿ ವೇಲು ತಂಬಿಯೇ ಅದರ ಮೇಲೆ ಕತ್ತಿ ಹಿರಿದಿದ್ದ. ಕೊಡಗು 1834ರಲ್ಲಿ ಹೋಯಿತು.

ಕಂಪನಿಯ ನೀತಿಯ ಒಳಬಗೆ ಕಾಣುವುದು ಮಾತ್ರ ಘಟ್ಟದ ತುದಿಯಲ್ಲೇ. 1799ರಲ್ಲಿ ಮೈಸೂರಿನ ಗಾದಿಯ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜರನ್ನು ಕೂರಿಸಿದ್ದು ಗವರ್ನರ್ ಜನರಲ್ ವೆಲ್ಲೆಸ್ಲಿ; ಕಂಪನಿಯ ಸೈನ್ಯ ಒಳಗೆ, ಕಂಪನಿಯ ರೆಸಿಡೆಂಟ್ ಪಕ್ಕದಲ್ಲಿ. ಇಷ್ಟಾದ ಮೇಲೆ ಗಡಿಯನ್ನು ಬೆಟ್ಟದ ಬುಡದಲ್ಲಿ ಎಳೆದಿದ್ದರೆ ಸಾಕಿತ್ತು. ವೆಲ್ಲೆಸ್ಲಿ ಹಾಗೆ ಮಾಡಲಿಲ್ಲ. ಕರಾವಳಿಯಿಂದಲೂ ಬಯಲಿನಿಂದಲೂ ಮೈಸೂರಿಗೆ ಹತ್ತುವ ಘಟ್ಟಗಳ ತಲೆಗಳು ಕಂಪನಿಯ ಕೈಯಲ್ಲಿರಬೇಕು ಎಂಬುದು ಅವನ ಹಂಚಿಕೆಯ ಒಂದು ಸೂತ್ರವಾಗಿತ್ತು. ತಾನೇ ಪಟ್ಟ ಕಟ್ಟಿದ ದೊರೆಯ ಮೇಲೂ ಅಷ್ಟು ಅಪನಂಬಿಕೆ. ಹಾಗಾಗಿ ಮೈಸೂರಿನ ನೆಲಕ್ಕೆ ಸೇರಿದಂತಿದ್ದು ಕನ್ನಡವಾಡುವ ಕೊಳ್ಳೇಗಾಲವೂ ತಾಳವಾಡಿಯ ಕಡೆಯೂ ಕೊಯಮತ್ತೂರು ಜಿಲ್ಲೆಗೆ ಸೇರಿ ಮದರಾಸಿನ ಆಡಳಿತದಲ್ಲಿ ನೂರೈವತ್ತು ವರ್ಷ ಕಳೆದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ತಾಳವಾಡಿ, ಹಾಸನೂರು, ದಿಂಬಂ ಮದರಾಸು ರಾಜ್ಯದಲ್ಲೇ ಉಳಿದವು.