ಹಂಡೆ ಬಿಸಿನೀರಿಗೆ ಯಾರ ಕಂದಾಯ?

1832ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿಗೆ ಕಾಲರಾ ಬಂತು. ಡೆನಿಸನ್ ಬೀದಿಯ ಕೂಲಿಕಾರರ ಮನೆಗಳ ಪೈಕಿ ನೀರು ಕಾಯಿಸುವ ಹಂಡೆ ಇದ್ದದ್ದು ಕಿಟ್ಟಿ ವಿಲ್ಕಿನ್‌ಸನ್ ಎಂಬಾಕೆಯ ಮನೆಯಲ್ಲಿ ಮಾತ್ರ. ಐರ್ಲೆಂಡಿನಿಂದ ಚಿಕ್ಕಂದಿನಲ್ಲೇ ಬಂದವಳು, ಅವರಿವರ ಮನೆಗೆಲಸ ಮಾಡಿ ಬಾಳಿದವಳು. ರೋಗಿಗಳ ಹೊದಿಕೆ, ಹಾಸಿಗೆ ಬಟ್ಟೆಗಳನ್ನು ತಂದು ಇಲ್ಲೇ ಕುದಿಸಿಕೊಳ್ಳಿ ಎಂದು ನೆರೆಹೊರೆಯವರನ್ನು ಕರೆದಳು. ಬ್ಲೀಚಿಂಗ್ ಪುಡಿ ಹಾಕಿ ಕುದಿಸುವುದನ್ನು ಹೇಳಿಕೊಟ್ಟಳು. ವಾರಕ್ಕೆ ಒಂದು ಪೆನ್ನಿ ಕೊಟ್ಟರೆ ಸಾಕಿತ್ತು.

ಹತ್ತು ವರ್ಷದ ಮೇಲೆ, 1842ರಲ್ಲಿ, ನಗರಸಭೆ ಅದೇ ಕೆಲಸವನ್ನು ತನ್ನ ಖರ್ಚಿನಲ್ಲಿ ಮಾಡಿತು. ಅಪ್ಪರ್ ಫ್ರೆಡರಿಕ್ ಬೀದಿಯಲ್ಲಿ ಸ್ನಾನಕ್ಕೂ ಬಟ್ಟೆ ಒಗೆತಕ್ಕೂ ಒಂದು ಸಾರ್ವಜನಿಕ ಕಟ್ಟಡ ಎದ್ದಿತು. 1846ರಲ್ಲಿ ಅದರ ಮೇಲ್ವಿಚಾರಣೆ ಕಿಟ್ಟಿಗೇ ಬಂತು. ಇಂಥ ಸ್ನಾನಗೃಹಗಳನ್ನು ಕಂದಾಯದ ಹಣದಲ್ಲಿ ಕಟ್ಟಿಸಲು ಎಲ್ಲ ನಗರಸಭೆಗಳಿಗೂ ಅನುಮತಿ ಕೊಡುವ ಕಾಯ್ದೆಯನ್ನು ಪಾರ್ಲಿಮೆಂಟು ಮಾಡಿದ್ದೂ ಅದೇ ವರ್ಷ. ರಾಣಿಯ ಹೆಸರಿನಲ್ಲಿ ಕಿಟ್ಟಿಗೆ ಬೆಳ್ಳಿಯ ಟೀ ಪಾತ್ರೆಗಳ ಉಡುಗೊರೆ ಬಂತು. ಹಂಡೆಯ ಒಡತಿಗೆ ಬೆಳ್ಳಿ ಟೀಪಾಟು!

ಈ ಕಂದಾಯದ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನೆ, ಅಂಗಡಿಗಳ ಬಾಡಿಗೆಯ ಮೌಲ್ಯ ಲೆಕ್ಕಹಾಕಿ ಊರಿನವರಿಂದಲೇ ಎತ್ತುತ್ತಿದ್ದ ತೆರಿಗೆ ಅದು. ನಮ್ಮ ಮನೆ ಕಂದಾಯದ ರಸೀದಿಯಲ್ಲಿ ಆರೋಗ್ಯ ಕರ, ಗ್ರಂಥಾಲಯ ಕರ ಎಂದು ಸೇರಿಸುತ್ತಾರಲ್ಲ, ಅದೇ ಜಾತಿಯದು. ಆಗ ನಗರಸಭೆಗೆ ಮತ ಹಾಕುತ್ತಿದ್ದವರು ಕಂದಾಯ ಕಟ್ಟುವವರೇ. ಚರಂಡಿ ಬೇಕಾದದ್ದು ಮಾತ್ರ ಮತವಿಲ್ಲದ ಬಡವರಿಗೆ. ಊರಿನ ಆರೋಗ್ಯದ ಜಗಳವೆಲ್ಲ ಹುಟ್ಟಿದ್ದು ಇಲ್ಲಿಂದ.

ಬಡವರ ಪಾಡನ್ನು ಸುಧಾರಕ ಎಡ್ವಿನ್ ಚಾಡ್ವಿಕ್‌ನ 1842ರ ವರದಿ ಮೂರು ಅಂಕಿಗಳಲ್ಲಿ ಹೇಳಿತು. ಲಿವರ್‌ಪೂಲ್‌ನಲ್ಲಿ ತೀರಿಕೊಂಡವರ ಸರಾಸರಿ ವಯಸ್ಸು ಸಿರಿವಂತರಲ್ಲಿ 35, ವ್ಯಾಪಾರಿಗಳಲ್ಲಿ 22, ಕೂಲಿಕಾರರಲ್ಲಿ 15. ಕೂಸುಗಳ ಸಾವೇ ಈ ಸರಾಸರಿಯನ್ನು ಇಷ್ಟು ಕೆಳಗೆ ಎಳೆದಿತ್ತು. ನೆಲಮಾಳಿಗೆಗಳಲ್ಲಿ, ಗಾಳಿಯಾಡದ ಅಂಗಳಗಳ ಸುತ್ತ ಜನ ಕಿಕ್ಕಿರಿದಿದ್ದರು.

ಆ ಓಣಿಗಳನ್ನು ಕಾಲ್ನಡಿಗೆಯಲ್ಲಿ ತಿರುಗಿ ಬಲ್ಲವರು ಡಾ. ವಿಲಿಯಂ ಹೆನ್ರಿ ಡಂಕನ್, ಅದೇ ಊರಿನ ವೈದ್ಯರು. ಲಿವರ್‌ಪೂಲ್ ತನಗಾಗಿಯೇ 1846ರಲ್ಲಿ ಮಾಡಿಸಿಕೊಂಡ ನೈರ್ಮಲ್ಯ ಕಾಯ್ದೆಯ ಪ್ರಕಾರ 1847ರ ಜನವರಿ 1ರಿಂದ ಅವರು ನಗರಸಭೆಯ ಆರೋಗ್ಯಾಧಿಕಾರಿಯಾದರು. ಬ್ರಿಟನ್ನಿನಲ್ಲಿ ಆ ಹುದ್ದೆಗೆ ಬಂದ ಮೊದಲಿಗರು. ಸಂಬಳ ವರ್ಷಕ್ಕೆ 300 ಪೌಂಡು. ಖಾಸಗಿ ವೈದ್ಯವೃತ್ತಿಗೂ ಅಡ್ಡಿಯಿರಲಿಲ್ಲ. ಊರಿನ ಆರೋಗ್ಯ ಬಿಡುವಿನ ವೇಳೆಯ ಕೆಲಸ ಎಂದು ನಗರಸಭೆ ಎಣಿಸಿತ್ತೋ ಏನೋ.

ಆ ಎಣಿಕೆ ಒಂದು ವರ್ಷವೂ ನಿಲ್ಲಲಿಲ್ಲ. 1847ರಲ್ಲಿ ಐರ್ಲೆಂಡಿನ ಬರಗಾಲದಿಂದ ತಪ್ಪಿಸಿಕೊಂಡು ಸುಮಾರು 3 ಲಕ್ಷ ಜನ ಲಿವರ್‌ಪೂಲ್‌ನಲ್ಲಿ ಇಳಿದರು. ಊರಿನ ಜನಸಂಖ್ಯೆಯೇ ಹೆಚ್ಚುಕಡಿಮೆ ಅಷ್ಟಿತ್ತು. ಹಿಂದೆಯೇ ಟೈಫಸ್ ಜ್ವರ. ಆಸ್ಪತ್ರೆಗಳಲ್ಲಿ ಜಾಗ ಸಾಲದೆ ಶೆಡ್ಡುಗಳಲ್ಲೂ ಹಡಗುಗಳಲ್ಲೂ ರೋಗಿಗಳನ್ನು ಮಲಗಿಸಿದರು. ಸಾಯುವವರ ಬಳಿ ಕೂತು ಪ್ರಾರ್ಥಿಸಿದ ಹತ್ತು ಮಂದಿ ಕ್ಯಾಥೊಲಿಕ್ ಪಾದ್ರಿಗಳೂ ಅದೇ ಜ್ವರಕ್ಕೆ ಬಲಿಯಾದರು. 1848ರಲ್ಲಿ ಡಂಕನ್ ಪೂರ್ಣಾವಧಿ ಅಧಿಕಾರಿಯಾದರು, ಸಂಬಳ 750 ಪೌಂಡಿಗೆ ಏರಿತು.

ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದೇ ಡಂಕನ್ ನಂಬಿದ್ದರು. ಕಾರಣ ತಪ್ಪು, ಮದ್ದು ಸರಿ! ದುರ್ವಾಸನೆ ಹೋಗಲೆಂದು ಹೊಲಸು ತೆಗೆಸಿದರೆ ರೋಗವೂ ಹಿಂದೆ ಸರಿಯುತ್ತಿತ್ತು. ನಗರಸಭೆಯ ಎಂಜಿನಿಯರ್ ಜೇಮ್ಸ್ ನ್ಯೂಲ್ಯಾಂಡ್ಸ್ ಊರಿನ ಏರುತಗ್ಗುಗಳನ್ನೆಲ್ಲ ಅಳೆಸಿ, ನಕ್ಷೆ ಬರೆಸಿ, ಸುಮಾರು ಒಂದು ದಶಕದಲ್ಲಿ 80 ಮೈಲಿಗೂ ಹೆಚ್ಚು ಒಳಚರಂಡಿ ಹಾಕಿಸಿದರು. ನೀರಿನ ಕಂಪನಿಗಳನ್ನು ನಗರಸಭೆಯೇ ಕೊಂಡುಕೊಂಡಿತು. 1857ರಲ್ಲಿ ರಿವಿಂಗ್ಟನ್ ಬೆಟ್ಟಗಳ ಜಲಾಶಯದ ನೀರು ಊರಿಗೆ ಹರಿಯಿತು.

ಈ ಸುಧಾರಣೆಯಲ್ಲಿ ಒಂದು ಕ್ರೌರ್ಯವೂ ಇತ್ತು. ನೆಲಮಾಳಿಗೆಯಲ್ಲಿ ವಾಸಿಸಕೂಡದು ಎಂದು ಬಡವರನ್ನು ಎಬ್ಬಿಸಿದ ನಗರಸಭೆ, ಅವರಿಗೆ ಬೇರೆ ಮನೆ ತೋರಿಸಲಿಲ್ಲ. ಒಂದು ನೆಲಮಾಳಿಗೆ ಬಿಟ್ಟವರು ಇನ್ನೊಂದಕ್ಕೆ ನುಗ್ಗಿದರು. ನಗರಸಭೆ ಸೇಂಟ್ ಮಾರ್ಟಿನ್ಸ್ ಕಾಟೇಜಸ್ ಎಂಬ ಬಾಡಿಗೆ ಮನೆಗಳನ್ನು ಕಟ್ಟಿಸುವ ಹೊತ್ತಿಗೆ 1869 ಆಗಿತ್ತು, ಡಂಕನ್ ತೀರಿಕೊಂಡು ಆರು ವರ್ಷ ಕಳೆದಿತ್ತು.

ಆರೋಗ್ಯಾಧಿಕಾರಿಯ ಹುದ್ದೆ 1872ರಲ್ಲಿ ಇಂಗ್ಲೆಂಡಿನ ಎಲ್ಲ ಊರುಗಳಿಗೂ ಕಡ್ಡಾಯವಾಯಿತು. ಹುದ್ದೆ ಬಂದರೂ ಖರ್ಚಿಗೆ ಹಣ ಬೇಕಿತ್ತು. ಕಂದಾಯ ಏರಿಸಿದರೆ ಮತ ಹೋಗುತ್ತದೆಂಬ ಭಯಕ್ಕೆ ಬರ್ಮಿಂಗ್‌ಹ್ಯಾಮಿನ ಮೇಯರ್ ಜೋಸೆಫ್ ಚೇಂಬರ್‌ಲೇನ್ ಬೇರೆಯದೇ ಉಪಾಯ ಹೂಡಿದ. ಗ್ಯಾಸ್ ಕಂಪನಿಗಳನ್ನು ನಗರಸಭೆಗೆ ಕೊಂಡು, ಬಂದ ಲಾಭವನ್ನು ಊರಿನ ಸುಧಾರಣೆಗೆ ತಿರುಗಿಸಿದ. ನೀರು ಸರಬರಾಜನ್ನೂ ಕೊಂಡ. ಅದರಲ್ಲಿ ಮಾತ್ರ ಲಾಭ ನೋಡಕೂಡದು ಎಂಬುದು ಅವನ ಹಟ. ವ್ಯಾಪಾರಿಯ ತಲೆ ಊರಿನ ಕೆಲಸಕ್ಕೆ ಒದಗಿದ್ದು ಹೀಗೆ.

1974ರಲ್ಲಿ ಆಡಳಿತ ಮರುಜೋಡಣೆಯಾದಾಗ ಆರೋಗ್ಯಾಧಿಕಾರಿಯ ಹುದ್ದೆ ರದ್ದಾಯಿತು. ಅದರ ಬಹುಪಾಲು ಕೆಲಸ ರಾಷ್ಟ್ರೀಯ ಆರೋಗ್ಯ ಸೇವೆಯ ಪಾಲಾಯಿತು. ಲಿವರ್‌ಪೂಲ್‌ನ ಸೇಂಟ್ ಜಾರ್ಜ್ ಸಭಾಭವನದಲ್ಲಿ ಗಂಡಸರ ಪ್ರತಿಮೆಗಳ ಸಾಲಿಗೆ 2012ರಲ್ಲಿ ಮೊದಲ ಹೆಂಗಸಾಗಿ ಸೇರಿದವಳು ಕಿಟ್ಟಿ. ಮರುವರ್ಷ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯದ ಹೊಣೆ ಮತ್ತೆ ಸ್ಥಳೀಯ ಸಂಸ್ಥೆಗಳಿಗೇ ಮರಳಿತು. ಈ ಸಲ ಹಣ ಬರುವುದು ಮುಖ್ಯವಾಗಿ ಲಂಡನ್ನಿನ ಖಜಾನೆಯಿಂದ, ಸಾರ್ವಜನಿಕ ಆರೋಗ್ಯಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸಬಾರದೆಂಬ ಷರತ್ತಿನೊಡನೆ.